ಮಾದೇಶ ರಕ್ತ ಕೊಡಲು ಹೋದದ್ದು

ಮಾದೇಶನ ಮೇಲೆ ಊರಿಗೆ ಅನುಮಾನ ಹುಟ್ಟಲು ಕಾರಣವಾದದ್ದು ಅರ್ಧ ಕಿಲೋ ಬೀಟ್‌ರೂಟು.

ತಮಿಳು ಸೀಮೆಯ ಧರ್ಮಪುರಿ ಕಡೆ, ನಲ್ಲಂಪಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಆ ಊರಿನಲ್ಲಿ ಮಾದೇಶ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ನಲವತ್ತೊಂದು ವರ್ಷದ ಆಸಾಮಿ. ದಿನವಿಡೀ ರಾಗಿ ಹಿಟ್ಟು ಮೆತ್ತಿಕೊಂಡು, ಹುಬ್ಬು ರೆಪ್ಪೆಗಳೆಲ್ಲ ಬೂದಿ ಬಣ್ಣವಾಗಿ, ಈಗತಾನೇ ಯಾರೋ ಗೋಣಿಚೀಲದಿಂದ ಸುರಿದವನಂತೆ ಕಾಣುತ್ತಿದ್ದ. ಹಿಟ್ಟಿಗೆ ಬಂದವರೆಲ್ಲ ಅವನ ಮನೆಯ ಸುದ್ದಿಯನ್ನೂ ಡಬ್ಬಿಯಲ್ಲಿ ತುಂಬಿಕೊಂಡೇ ಹೋಗುತ್ತಿದ್ದುದರಿಂದ, ಅವನು ಏನು ತಿನ್ನುತ್ತಾನೆ, ಏನು ತಿನ್ನುವುದಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಬೀಟ್‌ರೂಟು ಕಂಡರೆ ಅವನಿಗಾಗದು. ಹಾಗಿರುವಾಗ ಶನಿವಾರ ಸಂಜೆ ನಲ್ಲಂಪಳ್ಳಿಯ ತರಕಾರಿ ಅಂಗಡಿಯಲ್ಲಿ ಅವನು ಒಂದೊಂದೇ ಬೀಟ್‌ರೂಟನ್ನು ಅಮುಕಿ ನೋಡಿ ಆರಿಸುತ್ತಿದ್ದುದನ್ನೂ, ಒಂದು ಪೊಟ್ಟಣ ಖರ್ಜೂರವನ್ನು ಚೀಲದ ತಳಕ್ಕೆ ತುರುಕಿದ್ದನ್ನೂ ಎದುರು ಮನೆಯ ಚಿನ್ನತಾಯಿ ಕಣ್ಣಾರೆ ಕಂಡಳು.

"ಮಾದೇಸಣ್ಣ, ಮನೇಲಿ ಯಾರ್ಗಾನ ಒಡಂಬು ಸರಿಯಿಲ್ವಾ?"

"ಇಲ್ಲ ಕಣಕ್ಕ. ಸುಮ್ಮಾ."

ಸುಮ್ಮಸುಮ್ಮನೆ ಯಾರೂ ಬೀಟ್‌ರೂಟು ತಿನ್ನುವುದಿಲ್ಲವೆಂದು ಚಿನ್ನತಾಯಿಗೆ ಗೊತ್ತಿತ್ತು. ನಲವತ್ತು ದಾಟಿದ ಗಂಡಸು ಇದ್ದಕ್ಕಿದ್ದಂತೆ ಮೈ ಬಗ್ಗೆ ಯೋಚನೆ ಮಾಡಲು ಶುರುಮಾಡಿದರೆ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣಕ್ಕೊಂದು ಸೀರೆಯೂ ಇರುತ್ತದೆ ಎಂದು ಅವಳು ಬಸ್ಸಿನಲ್ಲಿ ಪಕ್ಕದವಳಿಗೆ ಹೇಳಿದಳು.

ಅದೇ ಸಂಜೆ ರಾಮಪ್ಪನಿಗೂ ಅನುಮಾನ ಬಂತು. ರಾಮಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಮುಖ ನೋಡಿಯೇ ಟಿಕೇಟು ತಗೊಳ್ಳದವರನ್ನು ಹಿಡಿಯುತ್ತಿದ್ದೆ ಎನ್ನುವುದು ಅವನ ಹೆಮ್ಮೆ. ಪ್ರತಿ ಶನಿವಾರ ಮಿಲ್ಲಿನ ಹಿಂದೆ ಮಾದೇಶನೂ ಅವನೂ ಒಂದು ಬಾಟಲಿ ಇಟ್ಟುಕೊಂಡು ಕೂರುವುದು ವಾಡಿಕೆ. ಆ ದಿನ ಮಾದೇಶ ಲೋಟವನ್ನು ಹಿಂದಕ್ಕೆ ತಳ್ಳಿದ.

"ಬೇಡ ಮಾಮಾ."

ರಾಮಪ್ಪ ಲೋಟವನ್ನು ನೋಡಿದ. ಆಮೇಲೆ ಮಾದೇಶನನ್ನು ನೋಡಿದ. "ಡಾಕ್ಟ್ರು ಏನಾನ ಅಂದ್ರಾ?"

"ಇಲ್ಲ."

"ಸ್ವಾಮಿಗೆ ಮಾಲೆ ಹಾಕ್ತೀಯಾ?"

"ಇಲ್ಲ."

ಈ ಎರಡು ಕಾರಣ ಬಿಟ್ಟು ಮೂರನೆಯದು ರಾಮಪ್ಪನಿಗೆ ತಿಳಿದಿರಲಿಲ್ಲ. ಮಾದೇಶನ ಪಾಲನ್ನೂ ತಾನೇ ಕುಡಿದು, "ಏನೋ ಐತೆ" ಎಂದು ಎದ್ದುಹೋದ.

ನಿಜ ಸಂಗತಿ ಬಹಳ ಸಣ್ಣದು. ಭಾನುವಾರ ನಲ್ಲಂಪಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ರಕ್ತದಾನ ಶಿಬಿರವಿತ್ತು. ಮಾದೇಶ ಹದಿನೈದು ದಿನದ ಹಿಂದೆಯೇ ಹೆಸರು, ಫೋನ್ ನಂಬರು ಬರೆಸಿ ಬಂದಿದ್ದ. ಅವರು ಕೊಟ್ಟ ಚೀಟಿಯಲ್ಲಿ ಹಿಂದಿನ ದಿನ ಕುಡಿಯಬಾರದು, ಚೆನ್ನಾಗಿ ನಿದ್ದೆ ಮಾಡಬೇಕು, ಬೀಟ್‌ರೂಟು ಖರ್ಜೂರ ತಿನ್ನಬೇಕು ಎಂದಿತ್ತು. ಅವನು ಚೀಟಿಯಂತೆ ನಡೆದ, ಅಷ್ಟೆ. ಮನೆಯಲ್ಲಿ ಹೇಳದಿರುವುದಕ್ಕೆ ಮೊದಲನೆಯ ಕಾರಣ ಅವನ ತಾಯಿ ಮುತ್ಯಾಲಮ್ಮ. ಮನುಷ್ಯನಿಗೆ ಹುಟ್ಟುವಾಗಲೇ ಇಷ್ಟೇ ರಕ್ತ ಎಂದು ಅಳೆದು ತುಂಬಿರುತ್ತಾರೆ, ಹೋದದ್ದು ಹೋದಂತೆಯೇ ಎಂದು ನಂಬಿದ್ದ ಆಕೆಗೆ ತಿಳಿದರೆ ಹೊಸ್ತಿಲಿಗೆ ಅಡ್ಡ ಮಲಗುವವಳು. ಎರಡನೆಯ ಕಾರಣ ಸೂಜಿ. ಸೂಜಿಯೆಂದರೆ ಮಾದೇಶನಿಗೆ ಮೊಣಕಾಲು ಕಳಚಿ ಬೀಳುತ್ತಿತ್ತು. ಎಲ್ಲರಿಗೂ ಹೇಳಿ ಹೋಗಿ ಅಲ್ಲಿಂದ ಓಡಿ ಬಂದರೆ ಮತ್ತೆ ಮುಖ ತೋರಿಸುವುದು ಹೇಗೆ?

ಭಾನುವಾರ ಬೆಳಿಗ್ಗೆ ಅವನು ಬಚ್ಚಲಲ್ಲಿದ್ದಾಗ ಫೋನು ಬಡಿದುಕೊಂಡಿತು. ಹೆಂಡತಿ ಮೇನಕಾ ಎತ್ತಿದಳು. ನೀರಿನ ಸದ್ದಿನ ನಡುವೆ ಅವನಿಗೆ ಕೇಳಿಸಿದ್ದು "ಹ್ಞೂಂ, ಹ್ಞೂಂ, ಸರಿ" ಎಂಬುದು ಮಾತ್ರ. ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಅವಳು ಕಾದ ಕಾವಲಿ ಹಿಡಿದಂತೆ ಫೋನು ಹಿಡಿದು ನಿಂತಿದ್ದಳು.

"ಯಾರು?" ಎಂದ ಮಾದೇಶ.

"ಯಾರೋ ಎಂಗ್ಸು. ಅತ್ತು ಗಂಟೆಗೆ ತಪ್ಪದೆ ಬರಬೇಕಂತೆ. ಒಟ್ಟೆ ತುಂಬ ತಿನ್ಕಂಡು ಬರಬೇಕಂತೆ."

"ಅದು... ಬೆಲ್ಟು. ಮಿಲ್ಲಿನ ಬೆಲ್ಟ್ ಅಂಗಡಿಯೋರು."

"ಬೆಲ್ಟ್ ಅಂಗಡಿಯೋರು ಒಟ್ಟೆ ತುಂಬ ತಿನ್ಕಂಡ್ ಬಾ ಅಂತ ಯಾಕೆ ಯೋಳ್ತಾರೆ?"

ಮಾದೇಶ ಯೋಚಿಸಿದ. "ದೊಡ್ಡ ಬೆಲ್ಟು," ಎಂದ.

ಮೇನಕಾ ಕೂಗಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹನ್ನೆರಡು ವರ್ಷದಿಂದ ಕೇಳಿ ಕೇಳಿ ಅವಳ ಕೂಗು ಅವನಿಗೆ ಮಿಲ್ಲಿನ ಸದ್ದಿನಂತೆ ಒಗ್ಗಿಹೋಗಿತ್ತು. ಇವತ್ತು ಅವಳು ಕೂಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ತಟ್ಟೆಗೆ ಇಡ್ಲಿ ಹಾಕುತ್ತಾ ಮೆಲ್ಲಗೆ ಕೇಳಿದಳು, "ಆ ಎಂಗ್ಸು ನಿಮಗೆ ಎಷ್ಟ್ ದಿನದಿಂದ ಗೊತ್ತು?"

"ನಂಗೆ ಯಾವ ಎಂಗ್ಸೂ ಗೊತ್ತಿಲ್ಲ."

"ನನ್ ಬಗ್ಗೆ ಏನಾನ ಅಂದ್ಲಾ?"

"ನಿನ್ ಬಗ್ಗೆ ಅವಳ್ಯಾಕೆ ಮಾತಾಡ್ತಾಳೆ?"

"ಕೇಳ್ದೆ, ಅಷ್ಟೇ," ಎಂದಳು ಮೇನಕಾ. ಆರು ಇಡ್ಲಿ ತಿಂದು ಒಂದು ಚೊಂಬು ನೀರು ಕುಡಿಯುವವರೆಗೂ ಅವನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು, "ನಾನೂ ಬತ್ತೀನಿ," ಎಂದಳು.

ಮಾತು ಮುಗಿಯುವಷ್ಟರಲ್ಲಿ ಬೇಲಿಯಾಚೆ ಚಿನ್ನತಾಯಿಯ ತಲೆ ಕಾಣಿಸಿತು. ಅವಳು ಕರಿಬೇವು ಕೇಳಲು ಬಂದಿದ್ದಳು. ಅವಳ ಹಿತ್ತಲಲ್ಲೇ ಆಳೆತ್ತರದ ಕರಿಬೇವಿನ ಗಿಡವಿತ್ತು.

ಒಂಬತ್ತು ಗಂಟೆಗೆ ಮಿಲ್ಲಿನ ಮುಂದೆ ರಾಗಿ ಡಬ್ಬಿಗಳು ಸಾಲುಗಟ್ಟಿದ್ದವು. ವಾರದಲ್ಲೆಲ್ಲ ಹೆಚ್ಚು ಗಿರಾಕಿ ಬರುವುದು ಭಾನುವಾರ ಬೆಳಿಗ್ಗೆ. ಆದರೆ ಮಿಲ್ಲಿಗೆ ಬೀಗ ಬಿದ್ದಿತ್ತು. ಮಾದೇಶ ಅರ್ಧ ತೋಳಿನ ಹೊಸ ಅಂಗಿ ತೊಟ್ಟು, ಮೈಮೇಲೆ ಒಂದು ಚೂರೂ ಹಿಟ್ಟಿಲ್ಲದೆ, ಮೊದಲ ಸಲ ತನ್ನ ನಿಜವಾದ ಬಣ್ಣದಲ್ಲಿ ರಸ್ತೆಗೆ ಬಂದ. ಡಬ್ಬಿ ಹಿಡಿದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. "ಚಿನ್ನ ವೀಡು ಅಂತೆ, ಇನ್ನೊಬ್ಬಳ್ನ ಇಟ್ಕಂಡವ್ನಂತೆ. ಫೋನ್ ಬಂತಂತೆ. ಅತ್ತು ಗಂಟೆಗೆ ಊಟ ಮಾಡ್ಕಂಡೇ ಬಾ ಅಂದ್ಲಂತೆ," ಎಂದು ಯಾರೋ ಹೇಳಿದ್ದು ಅವನ ಕಿವಿಗೆ ಬಿತ್ತು. "ಊಟನೂ ಆಕದೋಳನ್ನ ಯಾಕೆ ಇಟ್ಕಂಡ?" ಎಂದು ಇನ್ನೊಬ್ಬಳು ಕೇಳಿದಳು.

ಮಾದೇಶ ಷೇರ್ ಆಟೋ ಹತ್ತಿದ. ಮೇನಕಾ ಹತ್ತಿದಳು. ಆಟೋ ಹೊರಡುವ ಮೊದಲು ಮುತ್ಯಾಲಮ್ಮ ಊರುಗೋಲು ಚಾಚಿ ಅದನ್ನು ನಿಲ್ಲಿಸಿದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಆಕೆ ಕೋಲಿಲ್ಲದೆ ನಡೆಯುತ್ತಿರಲಿಲ್ಲ, ಆದರೆ ಕೋಲಿದ್ದರೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದಳು.

"ನನ್ ಮಗನ್ನ ಎಲ್ಲಿಗ್ ಎಳ್ಕಂಡ್ ಓಗ್ತಾಳೋ ಇವಳು, ನಾನೂ ನೋಡಬೇಕು," ಎಂದಳು ಆಕೆ. ಆಕೆಯ ಅನುಮಾನ ಏನಿದ್ದರೂ ಸೊಸೆಯ ಮೇಲೆಯೇ.

"ನಂಗೂ ನಲ್ಲಂಪಳ್ಳೀಲಿ ಕೊತ್ತಮ್ರಿ ತಗೋಬೇಕು," ಎಂದು ಚಿನ್ನತಾಯಿ ಹತ್ತಿದಳು. ರಾಮಪ್ಪ ಯಾವ ಕಾರಣವನ್ನೂ ಹೇಳದೆ ಡ್ರೈವರನ ಪಕ್ಕ ಕೂತು, ಹಳೆಯ ಅಭ್ಯಾಸದಂತೆ, "ರೈಟ್," ಎಂದ.

ನಲ್ಲಂಪಳ್ಳಿಯಲ್ಲಿ ಆಟೋ ಕಲ್ಯಾಣ ಮಂಟಪದ ಮುಂದೆ ನಿಂತಾಗ ಎಲ್ಲರಿಗಿಂತ ಮುಂಚೆ ಇಳಿದವಳು ಚಿನ್ನತಾಯಿ. ಬಾಗಿಲ ಮೇಲೆ ತಮಿಳಿನಲ್ಲಿ ದೊಡ್ಡ ಬ್ಯಾನರು. ರಾಮಪ್ಪ ಕಣ್ಣು ಕಿರಿದು ಮಾಡಿ ಜೋರಾಗಿ ಓದಿದ: "ಇರತ್ತ ದಾನ ಮುಗಾಮ್. ಓ, ರಕ್ತ ಕೊಡೋ ಜಾಗ."

ಚಿನ್ನತಾಯಿ ಮದುವೆ ಮನೆಗೆ ಎಲೆ ಎತ್ತುವ ಹೊತ್ತಿಗೆ ತಲುಪಿದವಳಂತೆ ಬ್ಯಾನರನ್ನೇ ನೋಡಿದಳು. "ಇಷ್ಟೇನಾ?"

"ಇಷ್ಟೇ ಕಣಕ್ಕ," ಎಂದ ಮಾದೇಶ. ಇನ್ನಾದರೂ ಎಲ್ಲ ಸರಿಹೋಯಿತು ಎಂದುಕೊಂಡ. ಆದರೆ ಅನುಮಾನ ಇಳಿದುಹೋಗಲಿಲ್ಲ, ಸೀಟು ಬದಲಾಯಿಸಿತು, ಅಷ್ಟೆ.

"ಸುಮ್ಮಾ ಯಾರೂ ಕೊಡಕಿಲ್ಲ," ಎಂದ ರಾಮಪ್ಪ. "ರಕ್ತ ಟೆಸ್ಟ್ ಮಾಡ್ತಾರಲ್ಲ, ಅದ್ಕೇ ಬಂದವ್ನೆ. ಒಳಗೆ ಏನೋ ಕಾಯಿಲೆ ಐತೆ. ನಿನ್ನೆ ಕುಡೀಲಿಲ್ಲ ನೋಡು."

ಮುತ್ಯಾಲಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿದಳು. "ನಾನು ಎದೆಹಾಲು ಕುಡಿಸಿ ಬೆಳಸಿದ ರಕ್ತ, ಯಾರೋ ದಾರೀಲಿ ಓಗೋರ್ಗೆ ಯಾಕ್ಲಾ ಕೊಡ್ತೀಯಾ? ಇವಳು ತಾನೇ ಏಳ್ಕೊಟ್ಟಿದ್ದು?"

ಮೇನಕಾ ಮಾತ್ರ ಸೆರಗನ್ನು ತಲೆಯ ಮೇಲೆಳೆದುಕೊಂಡು, ಕಂಬದ ಮರೆಗೆ ಸರಿದು, ಒಳಗೆ ಓಡಾಡುತ್ತಿದ್ದ ನರ್ಸುಗಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಫೋನ್ ಮಾಡಿದ ಹೆಂಗಸನ್ನು ಹುಡುಕುತ್ತಿದ್ದಾಳೆ ಎಂದು ಮಾದೇಶನಿಗೆ ಖಾತ್ರಿಯಾಯಿತು.

ಒಳಗೆ ತೂಕ ನೋಡಿದರು. ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತವನ್ನು ನೀಲಿ ನೀರಿಗೆ ಬಿಟ್ಟರು. ಮಾದೇಶ ಕಣ್ಣು ಮುಚ್ಚಿಕೊಂಡಿದ್ದ. ತೊಟ್ಟು ಮುಳುಗಿತು, ಅಂದರೆ ರಕ್ತ ಗಟ್ಟಿ ಇದೆ ಎಂದರು. ಚುಚ್ಚಿಸಿಕೊಂಡೂ ನಿಂತೇ ಇದ್ದೇನಲ್ಲ ಎಂದು ಅವನಿಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಹಸಿರು ಪರದೆಯ ಹಿಂದೆ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರ್ ಬದರೀನಾಥ ಸೇಲಂನವರು, ಮನೆಯಲ್ಲಿ ಕನ್ನಡ ಮಾತಾಡುವವರು. ಮಾದೇಶನ ಮಾತು ಕೇಳಿ ಅವರಿಗೆ ಖುಷಿಯಾಗಿ, ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲೇ ಕೇಳಿದರು. ಪರದೆಯ ಈಚೆ ಚಿನ್ನತಾಯಿಯ ಕಿವಿ ಇತ್ತು.

"ಕಾಮಾಲೆ ಬಂದಿತ್ತೆ?"

"ಇಲ್ಲ ಸಾರ್."

"ಈ ಮೂರು ತಿಂಗಳಲ್ಲಿ ಜ್ವರ?"

"ಇಲ್ಲ ಸಾರ್."

"ತಪ್ಪು ತಿಳಿಯಬೇಡಿ, ಎಲ್ಲರನ್ನೂ ಕೇಳಲೇಬೇಕು. ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ಸಂಬಂಧ ಇದೆಯೆ?"

ಸಂಬಂಧದ ವಿಷಯದಲ್ಲಿ ಮಾದೇಶನಿಗೆ ನಾಚಿಕೆಯಿರಲಿಲ್ಲ. "ನಮ್ದು ದೊಡ್ಡ ಸಂಬಂಧ ಸಾರ್. ಧರ್ಮಪುರಿ ಕಡೆ ನಾಲ್ಕು ಮನೆ ಐತೆ. ಮೆಟ್ಟೂರಲ್ಲಿ ಎರಡು. ವರ್ಷಕ್ಕೊಂದ್ ಸಲನಾದ್ರೂ ಎಲ್ಲಾ ಕಡೆ ಓಗಿ ಬತ್ತೀನಿ."

ಡಾಕ್ಟರ ಪೆನ್ನು ನಿಂತಿತು. ಪರದೆಯ ಈಚೆ ಒಂದು ಕುರ್ಚಿ ಉರುಳಿತು.

"ಆರು ಮನೆ," ಎಂದು ಚಿನ್ನತಾಯಿ ಮುತ್ಯಾಲಮ್ಮನ ಬಳಿ ಓಡಿಬಂದಳು. "ಬಾಯ್ಬಿಟ್ಟು ಒಪ್ಕಂಡ. ಮೆಟ್ಟೂರಲ್ಲೂ ಐತಂತೆ."

ಒಳಗೆ ಡಾಕ್ಟರು ಮಾತನ್ನು ಬಿಡಿಸಿ ಹೇಳಿದಾಗ ಮಾದೇಶನ ಕಿವಿಯೆಲ್ಲ ಕೆಂಪಾಯಿತು. ಅವನ ಉತ್ತರವನ್ನು ತಿದ್ದಿ ಬರೆದುಕೊಂಡರು. ಆದರೆ ತಿದ್ದಿದ್ದು ಪರದೆಯ ಒಳಗೆ, ಸುದ್ದಿ ಹೋಗಿದ್ದು ಹೊರಗೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಾಗಲೇ ಮುತ್ಯಾಲಮ್ಮನ ದನಿ ಕೇಳಿಸಿತು: "ಮಾದೇಸಾ, ಆರು ಮನೆಗೆ ರಾಗಿ ಎಲ್ಲಿಂದ ತತ್ತೀಯಲಾ?"

ಬಿ.ಪಿ. ನೂರ ಎಪ್ಪತ್ತು ತೋರಿಸಿತು.

"ಇಷ್ಟಿದ್ದರೆ ತೆಗೆದುಕೊಳ್ಳುವ ಹಾಗಿಲ್ಲ. ಇಪ್ಪತ್ತು ನಿಮಿಷ ಹೊರಗೆ ಕೂತು ಸುಧಾರಿಸಿಕೊಳ್ಳಿ," ಎಂದರು ಡಾಕ್ಟರು.

ಹೊರಗೆ ಸುಧಾರಿಸಿಕೊಳ್ಳಲು ಬೇಕಾದದ್ದು ಏನೂ ಇರಲಿಲ್ಲ. ಅವನನ್ನು ವಾಪಸು ಕಳಿಸಿದ್ದು ಕಂಡು ರಾಮಪ್ಪ, "ನಾನೇಳ್ಲಿಲ್ವಾ, ಕಾಯಿಲೆ," ಎಂದು ತಲೆಯಾಡಿಸಿದ. ಚಿನ್ನತಾಯಿ ಅವನಿಂದ ಎರಡು ಕುರ್ಚಿ ದೂರ ಸರಿದು ಕೂತಳು. ಎರಡನೆಯ ಸಲ ನೋಡಿದಾಗ ನೂರ ಎಪ್ಪತ್ತೆಂಟು ಆಗಿತ್ತು. ಡಾಕ್ಟರು ಕಾಗದದ ಮೇಲೆ ಗೀಟು ಎಳೆದು, "ಇವತ್ತು ಆಗುವುದಿಲ್ಲ ಮಾದೇಶ್. ನಿಮಗೆ ಬಿ.ಪಿ. ಇದೆ ಅನ್ನಿಸುತ್ತದೆ," ಎಂದರು.

ಮಾದೇಶ ಮಂಟಪದ ಮೂಲೆಯ ಬೆಂಚಿನಲ್ಲಿ ಹೋಗಿ ಕೂತ. ಅವನಿಗೆ ಅಳು ಬರುವಂತಾಯಿತು. ಮೇನಕಾ ಬಂದು ಪಕ್ಕದಲ್ಲಿ ಕೂತಾಗ ಅವಳ ಮುಖ ನೋಡದೆ ಹೇಳಿದ.

"ಮೇನಕಾ, ನಂಗೆ ಯಾವ ಎಂಗ್ಸೂ ಇಲ್ಲ, ಕಾಯಿಲೆನೂ ಇಲ್ಲ. ಓದ ವರ್ಷ ಅಮ್ಮಂಗೆ ಆಪರೇಸನ್ ಆದಾಗ ಧರ್ಮಪುರೀಲಿ ರಕ್ತ ಬೇಕು ಅಂದ್ರಲ್ಲ. ಮಗ ನಾನು ಅಲ್ಲೇ ನಿಂತಿದ್ದೆ. ಸೂಜಿ ನೋಡಿ ಕಾಫಿ ತತ್ತೀನಿ ಅಂತ ಓಡೋದೆ. ತಿರುಗಿ ಬರೋವೊತ್ಗೆ ಯಾರೋ ಕೊಟ್ಬಿಟ್ಟಿದ್ರು. ಹೆಸರೂ ಗೊತ್ತಿಲ್ಲ, ಮುಖನೂ ಗೊತ್ತಿಲ್ಲ. ಅವತ್ತಿಂದ ಅಮ್ಮ ಕೋಲೂರ್ಕಂಡು ನಡ್ಯೋದು ಕಂಡಾಗೆಲ್ಲ ಆ ಪುಣ್ಯಾತ್ಮನ ನೆನಪು. ಅವರಿಗೆ ತಿರುಗಿ ಕೊಡಕ್ಕಾಗಲ್ಲ, ಬೇರೆ ಯಾರಿಗಾನ ಕೊಡಾನ ಅಂತ ಬಂದೆ. ಅದೂ ಆಗ್ಲಿಲ್ಲ."

ಅಷ್ಟರಲ್ಲಿ ಹೊರಗೆ ನಿಂತಿದ್ದ ಧರ್ಮಪುರಿ ಆಸ್ಪತ್ರೆಯ ವ್ಯಾನಿನಿಂದ ಐಸ್ ಪೆಟ್ಟಿಗೆ ಹಿಡಿದು ಬಂದ ಒಬ್ಬ ನರ್ಸು ಅವರ ಮುಂದೆ ಹಾದುಹೋದವಳು ಗಕ್ಕನೆ ನಿಂತಳು. ಅವಳ ಎದೆಯ ಮೇಲಿನ ಪಟ್ಟಿಯಲ್ಲಿ ಅರ್ಚನಾ ಎಂದಿತ್ತು.

"ಮೇನಕಾ ಅಕ್ಕಾ, ನೀಂಗಳಾ? ನೀವ್ಯಾಕೆ ಬಂದ್ರಿ? ನೀವು ಕೊಟ್ಟು ಇನ್ನೂ ಮೂರು ತಿಂಗಳೂ ಆಗಿಲ್ಲ. ಹೆಂಗಸರಿಗೆ ನಾಲ್ಕು ತಿಂಗಳು ಆಗಲೇಬೇಕು ಅಂತ ಪ್ರತಿ ಸಲ ಹೇಳ್ತೀನಲ್ಲ."

ಮಾದೇಶ ಅರ್ಚನಾಳನ್ನು ನೋಡಿದ. ಹೆಂಡತಿಯನ್ನು ನೋಡಿದ. "ಪ್ರತಿ ಸಲನಾ?"

"ನಾಲ್ಕು ಸಲ ಕೊಟ್ಟಿದ್ದಾರೆ ಸಾರ್," ಎಂದಳು ಅರ್ಚನಾ ಹೆಮ್ಮೆಯಿಂದ. "ಫಸ್ಟ್ ಟೈಮು ಅವರ ಅತ್ತೆಗೇ. ಗ್ರೂಪು ಒಂದೇ ಇತ್ತು. ಮಗ ಓಡಿಹೋದ ಅಂತ ಅವತ್ತು ವಾರ್ಡಲ್ಲೆಲ್ಲ ಅದೇ ಮಾತು." ಮಗನೇ ಎದುರಿಗೆ ಕೂತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು.

ಇಡೀ ವರ್ಷ ಮಾದೇಶ ಯಾವ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದನೋ, ಆ ಪುಣ್ಯಾತ್ಮ ಅವನ ಮನೆಯಲ್ಲೇ ಇಡ್ಲಿ ಬೇಯಿಸುತ್ತಿದ್ದಳು.

"ಅತ್ತೆಗೆ ಗೊತ್ತಾದ್ರೆ ಕೊಂದಾಕ್ತಾರೆ ಅಂತ ಸುಮ್ನಿದ್ದೆ," ಎಂದಳು ಮೇನಕಾ ತಲೆ ತಗ್ಗಿಸಿ. "ನೀವು ಬೇರೆ ಅವತ್ತು ಅಷ್ಟು ಕುಗ್ಗೋಗಿದ್ರಿ, ನಾನೇ ಕೊಟ್ಟೆ ಅನ್ನಕ್ಕೆ ಮನಸ್ ಬರ್ಲಿಲ್ಲ. ಆಮೇಲೆ ನಾಲ್ಕು ತಿಂಗಳಿಗೊಂದ್ ಸಲ ಬ್ಲೌಸ್ ಒಲಿಸಕ್ಕೆ ಅಂತ ಧರ್ಮಪುರಿಗೆ ಓಗಿ ಕೊಟ್ಟು ಬತ್ತಿದ್ದೆ. ಬೆಳಿಗ್ಗೆ ಫೋನ್ ಎತ್ತಿದ್ ಕೂಡ್ಲೆ ಅರ್ಚನಾ ದನಿ ಅಂತ ಗೊತ್ತಾಯ್ತು. ನೀವು ನನ್ನ ಇಡ್ಯಕ್ಕೇ ಓಗ್ತಿದೀರ ಅಂತ ಜೀವನೇ ಓಗಿತ್ತು."

ಮಾದೇಶನಿಗೆ ಎದೆಯ ಮೇಲಿನ ಮೂಟೆ ಇಳಿಸಿದಂತಾಯಿತು. ಬೆಳಗಿನಿಂದ ಅವಳು ಅನುಮಾನಪಟ್ಟಿರಲಿಲ್ಲ, ಹೆದರಿದ್ದಳು. ತಪ್ಪು ಅವಳ ಕಡೆಗೂ ಸ್ವಲ್ಪ ಇದೆ ಎಂಬುದು ಹೊಳೆದು ಅವನು ನೆಟ್ಟಗೆ ಕೂತು ದನಿ ಏರಿಸಿದ.

"ಅಂಗಾದ್ರೆ ಕಟ್ಕಂಡ ಗಂಡಂಗೆ ಒಂದ್ ವರ್ಷದಿಂದ ಸುಳ್ಳು ಯೋಳ್ಕಂಡು..."

ಅವನ ಮಾತು ನಿಂತಿತು. ಬೆಂಚಿನ ಹಿಂದೆ ಕೋಲಿನ ಸದ್ದು ಕೇಳಿಸಿತು. ಮುತ್ಯಾಲಮ್ಮ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಅವಳ ಹಿಂದೆ ಚಿನ್ನತಾಯಿ, ಚಿನ್ನತಾಯಿಯ ಹಿಂದೆ ರಾಮಪ್ಪ.

"ಅವತ್ತು ನಂಗೆ ಆಕಿದ್ದು ಕೆಂಪು ಗ್ಲೂಕೋಸು ಅಂದ್ರಲ್ಲ," ಎಂದಳು ಮುತ್ಯಾಲಮ್ಮ.

ಅವಳ ಕೋಲಿನ ತುದಿ ಸೊಸೆಯ ಕಡೆ ತಿರುಗಿತು.

"ನನ್ ಮೈಯಾಗೆ ಓಡ್ತಿರೋದು ಇವಳ ರಕ್ತನಾ?"

"ಒಂದ್ ಬಾಟ್ಲು ಅತ್ತೆ," ಎಂದಳು ಮೇನಕಾ ಸಣ್ಣ ದನಿಯಲ್ಲಿ.

ಮುತ್ಯಾಲಮ್ಮ ತನ್ನ ಮುಂಗೈಯನ್ನು ತಿರುಗಿಸಿ ನರ ನೋಡಿಕೊಂಡಳು. ಚಿನ್ನತಾಯಿ ಉಸಿರು ಬಿಗಿಹಿಡಿದು ಕಾದಳು. ಇಷ್ಟು ದೂರ ಬಂದದ್ದಕ್ಕೆ ಒಂದು ಜಗಳವಾದರೂ ಸಿಗಬೇಕಲ್ಲ. ಮುದುಕಿ ಬಹಳ ಹೊತ್ತು ಯೋಚಿಸಿ ಹೇಳಿದಳು, "ಅದ್ಕೇ ಕಣೆ. ಆಸ್ಪತ್ರೆಯಿಂದ ಬಂದಾಗಿನಿಂದ ಸಾರಿಗೆ ಉಣಸೆಹಣ್ಣು ಸಾಲ್ದು ಅನ್ಸೋದು. ಮುಂಚೆ ನೀನು ಆಕೋದು ಜಾಸ್ತಿ ಅಂತ ಬಯ್ತಿದ್ದೆ, ಈಗ ಅಷ್ಟೇ ಬೇಕು ಅನ್ಸೋದು."

ಹಾಗೆಂದು ಸೊಸೆಯ ಪಕ್ಕ ಕೂತಳು. ಮೊದಲು ಕೋಲನ್ನು ಅವಳ ಕೈಗೆ ಕೊಟ್ಟಳು, ಆಮೇಲೆ ತನ್ನ ಕೈಯನ್ನೂ ಕೊಟ್ಟಳು. ಮೇನಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾದೇಶನಿಗೂ ಕಣ್ಣು ಮಂಜಾಯಿತು. ಇಷ್ಟಾದರೂ ಒಳ್ಳೆಯದಾಯಿತಲ್ಲ ಎಂದು ಅವನು ನಿಟ್ಟುಸಿರು ಬಿಡುವಷ್ಟರಲ್ಲಿ ಮುತ್ಯಾಲಮ್ಮ ಅವನ ಕಡೆ ತಿರುಗಿದಳು.

"ನನ್ನ ಆಪರೇಸನ್ ಮೇಜ್ ಮೇಲೆ ಮಲಗಿಸ್ಬುಟ್ಟು ನೀನು ಕಾಫಿ ಕುಡಿಯಕ್ಕೆ ಓಗಿದ್ಯಾ?"

"ಕುಡೀಲಿಲ್ಲಮ್ಮ," ಎಂದ ಮಾದೇಶ. ಅದು ನಿಜ.

"ತರ್ಲೂ ಇಲ್ಲ ಅತ್ತೆ," ಎಂದಳು ಮೇನಕಾ. "ಒಂದೂವರೆ ಗಂಟೆ ಬಿಟ್ಟು ಬರೀ ಕೈಯಲ್ಲಿ ಬಂದ್ರು."

ಚಿನ್ನತಾಯಿಗೆ ಕೊನೆಗೂ ತಾನು ಬಂದದ್ದು ಸಾರ್ಥಕವಾಯಿತು ಅನ್ನಿಸಿರಬೇಕು. ಆ ಹುರುಪಿನಲ್ಲಿ ಅವಳು ತಾನೇ ಹೋಗಿ ತೂಕ ನೋಡಿಸಿ, ಮಲಗಿ, ಕೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ ರಕ್ತ ಕೊಟ್ಟಳು. ಆರಾಮವಾಗಿ ಎದ್ದು ಬಂದು, ಜ್ಯೂಸು ಕುಡಿದು, ಹೆಸರು ಬರೆದ ಸರ್ಟಿಫಿಕೇಟು ತಗೊಂಡಳು. ವಯಸ್ಸಾಯಿತೆಂದು ರಾಮಪ್ಪನಿಂದ ತಗೊಳ್ಳಲಿಲ್ಲ, ಆದರೂ ಅವನಿಗೆ ಬಿಸ್ಕತ್ತು ಸಿಕ್ಕಿತು. ಮಾದೇಶನಿಗೆ ಸಿಕ್ಕಿದ್ದು ಡಾಕ್ಟರು ಬರೆದುಕೊಟ್ಟ ಚೀಟಿ ಒಂದೇ: ಮೂರು ದಿನ ಬಿಟ್ಟು ಮತ್ತೆ ಬಿ.ಪಿ. ತೋರಿಸಬೇಕು, ಕುಡಿತ ಬಿಡಬೇಕು, ಉಪ್ಪು ಕಡಿಮೆ ಮಾಡಬೇಕು.

ವಾಪಸು ಹೋಗುವ ಆಟೋದಲ್ಲಿ ಒಳಗಿನ ಸೀಟನ್ನು ಅತ್ತೆ, ಸೊಸೆ, ಸರ್ಟಿಫಿಕೇಟು ಹಿಡಿದ ಚಿನ್ನತಾಯಿ ತುಂಬಿದ್ದರಿಂದ ಮಾದೇಶ ಹಿಂದಿನ ಹಲಗೆಯ ಮೇಲೆ ಕಾಲು ಹೊರಗೆ ಬಿಟ್ಟು ಕೂತ. ರಾಮಪ್ಪ ಮುಂದಿನಿಂದ ಊರಿಗೆ ಫೋನು ಹಚ್ಚಿದ್ದ. "ಚಿನ್ನತಾಯೀದು ತಗೊಂಡ್ರು. ಇವನ್ದು ಬೇಡ ಅಂದ್ಬುಟ್ರು ಕಣಪ್ಪ. ಬಿ.ಪಿ. ಅಂತಾರೆ. ಬಿ.ಪಿ.ನೋ, ಇನ್ನೊಂದೋ. ಏನೋ ಐತೆ."

ಮುತ್ಯಾಲಮ್ಮ ಚೀಟಿಯನ್ನು ಸೊಸೆಯ ಕೈಲಿ ಓದಿಸಿಕೊಂಡಳು.

"ಇವತ್ತಿಂದ್ಲೇ ಇವನ ಸಾರಿಗೆ ಉಪ್ಪು ಆಕಬೇಡ ಮೇನಕಾ."

"ಆಯ್ತು ಅತ್ತೆ. ಉಪ್ಪಿನಕಾಯಿ ಜಾಡಿನ ನಿಮ್ ಮಂಚದ ಕೆಳಗೇ ಇಟ್ಕಳಿ."

"ಇಟ್ಕತೀನಿ. ಶನಿವಾರ ಸಂಜೆ ಮಿಲ್ಲಿನ ಇಂದ್ಗಡೆ ನಾನೇ ಓಗಿ ಕೂತ್ಕತೀನಿ."

"ಇನ್ನೊಂದ್ ಕುರ್ಚಿ ಆಕ್ಸ್ತೀನಿ ಅತ್ತೆ, ನಾನೂ ಬತ್ತೀನಿ."

ಮದುವೆಯಾದ ಹನ್ನೆರಡು ವರ್ಷದಲ್ಲಿ ಅವರಿಬ್ಬರೂ ಒಂದೇ ಸಲಕ್ಕೆ ಒಪ್ಪಿದ ಮೊದಲ ಮಾತುಗಳು ಅವು. ಇಲ್ಲಿಯವರೆಗೆ ಹೆಂಡತಿ ಬೈದರೆ ತಾಯಿಯ ಹತ್ತಿರ, ತಾಯಿ ಬೈದರೆ ಹೆಂಡತಿಯ ಹತ್ತಿರ ಹೋಗಿ ಕೂರುತ್ತಿದ್ದ ಮಾದೇಶ, ಹಿಂದಕ್ಕೆ ಓಡುತ್ತಿದ್ದ ರಸ್ತೆಯನ್ನು ನೋಡುತ್ತಾ ಇನ್ನು ಎಲ್ಲಿಗೆ ಹೋಗುವು‌ದೆಂದು ಯೋಚಿಸತೊಡಗಿದ.